ಒಬ್ಬನ ಜಗಳಕ್ಕೆ ಇಡೀ ತಂಡ ಓಡಿಬರುವುದೇಕೆ?

ಓದುಗರ ಪ್ರಶ್ನೆ: ನಾನು ಸ್ಯಾನ್ ಹೋಸೆಗೆ ಬಂದು ಎಂಟು ವರ್ಷವಾಯಿತು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದಾರೆ. ಸಂಜೆ ಅವರ ಗೆಳೆಯರು ಸೇರಿದರೆ ಹಳೆಯ ಬೇಸ್‌ಬಾಲ್‌ನದೇ ಮಾತು. ಅದರಲ್ಲೂ ಎರಡು ವಿಷಯ ಬಂದೇ ಬರುತ್ತವೆ: ಮೈದಾನದಲ್ಲಿ ನಡೆದ ಹೊಡೆದಾಟಗಳು ಮತ್ತು ಅವನ್ನು ರೇಡಿಯೊದಲ್ಲಿ ಬಣ್ಣಿಸಿದವರು. ಕ್ರಿಕೆಟ್ ನೋಡಿ ಬೆಳೆದ ನನಗೆ ಇದು ಅರ್ಥವಾಗುವುದಿಲ್ಲ. ಇಬ್ಬರ ಜಗಳಕ್ಕೆ ಎರಡೂ ತಂಡದವರು, ಆಡದೆ ಕೂತಿದ್ದವರೂ ಸೇರಿ, ಏಕೆ ಓಡಿಬರುತ್ತಾರೆ? ಅದನ್ನು ಇವರು ಇಷ್ಟು ಅಕ್ಕರೆಯಿಂದ ನೆನೆಯುವುದೇಕೆ?

ಉತ್ತರ: ಮೊದಲು ಮೈದಾನದ ತಲೆ ಲೆಕ್ಕ ಹಾಕಿ ನೋಡಿ. ಬ್ಯಾಟ್ ಹಿಡಿದು ನಿಂತವನು ಒಬ್ಬ. ಅವನ ಸುತ್ತ ಎದುರಾಳಿಗಳು ಒಂಬತ್ತು ಜನ. ಬೇಸ್‌ಗಳ ಮೇಲೆ ತನ್ನವರು ಒಬ್ಬಿಬ್ಬರು ಇರಬಹುದು, ಇಲ್ಲದೆಯೂ ಇರಬಹುದು. ಅವನು ಸಿಟ್ಟಿಗೆದ್ದು ಚೆಂಡೆಸೆಯುವ ಪಿಚರ್ ಕಡೆ ಓಡಿದರೆ ಒಂಬತ್ತು ಜನರ ನಡುವೆ ಸಿಕ್ಕಿಬೀಳುತ್ತಾನೆ. ಅದಕ್ಕೇ ಅವನ ತಂಡದವರು ತಾವು ಕೂತಿದ್ದ ಡಗೌಟ್ ಬಿಟ್ಟು ಓಡುತ್ತಾರೆ. ಅವರು ಬಂದದ್ದನ್ನು ಕಂಡು ಎದುರು ತಂಡದ ಡಗೌಟ್ ಖಾಲಿಯಾಗುತ್ತದೆ. ಕೊನೆಗೆ ಮೈದಾನದ ಆಚೆ ತುದಿಯ ಬುಲ್‌ಪೆನ್‌ನಲ್ಲಿ ಕೂತ ಬದಲಿ ಪಿಚರ್‌ಗಳೂ ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಗುದ್ದುವುದಕ್ಕಲ್ಲ, ಹಿಡಿಯುವುದಕ್ಕೆ ಬಂದವರು. ಎದುರಾಳಿಯೊಬ್ಬನ ಅಂಗಿ ಹಿಡಿದು ನಿಂತರೆ ತನ್ನವನ ಮೇಲೆ ಬೀಳುವ ಕೈ ಒಂದು ಕಡಿಮೆಯಾಯಿತು ಎಂಬುದು ಅಲ್ಲಿನ ತಿಳಿವಳಿಕೆ. ಬರದೆ ಕೂತವನನ್ನು ಮಾತ್ರ ತಂಡ ಬಹುಕಾಲ ಮರೆಯುವುದಿಲ್ಲ.

ಐಸ್ ಹಾಕಿಯಲ್ಲಿ ಎರಡೂ ಕಡೆ ಸಾಮಾನ್ಯವಾಗಿ ಸಮಸಮ ಜನರಿರುತ್ತಾರೆ. ಹಾಗಾಗಿ ಬೆಂಚಿನಿಂದ ಎದ್ದುಬಂದು ಜಗಳಕ್ಕೆ ಬಿದ್ದವರಿಗೆ ಅಲ್ಲಿ 1987ರಿಂದ ಕಠಿಣ ಅಮಾನತು ಕಾದಿದೆ. ಬೇಸ್‌ಬಾಲ್‌ನಲ್ಲಿ ಅಂಥ ನಿಯಮ ಗಟ್ಟಿಯಾಗಿ ಬರದೇ ಇರುವುದಕ್ಕೆ ಈ ಒಂಬತ್ತಕ್ಕೆ ಒಬ್ಬನ ಲೆಕ್ಕವೇ ಮುಖ್ಯ ಕಾರಣ ಎಂದು ನಾನು ನಂಬಿದ್ದೇನೆ.

ಇನ್ನು ಸಿಟ್ಟಿನ ಮೂಲ. ಕ್ರಿಕೆಟ್ಟಿನ ಬೌನ್ಸರ್ ನೆಲಕ್ಕೆ ಬಿದ್ದು, ಒಂದಿಷ್ಟು ವೇಗ ಕಳೆದುಕೊಂಡು ಮೇಲೇಳುತ್ತದೆ. ಬೇಸ್‌ಬಾಲ್‌ನ ಚೆಂಡು ನೆಲ ಮುಟ್ಟದೆ ನೇರ ಬರುತ್ತದೆ. ಪಿಚರ್ ನಿಲ್ಲುವ ದಿಬ್ಬಕ್ಕೂ ಬ್ಯಾಟರ್ ಕಡೆಯ ಹೋಮ್ ಪ್ಲೇಟಿಗೂ ಇರುವ ದೂರ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್. ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಬಿಟ್ಟ ಚೆಂಡು ಅರ್ಧ ಸೆಕೆಂಡಿನೊಳಗೆ ಮುಖದ ಮುಂದಿರುತ್ತದೆ. 1920ರ ಆಗಸ್ಟ್ 16ರಂದು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲ್ಯಾಂಡಿನ ರೇ ಚಾಪ್‌ಮನ್ ಅವರ ತಲೆಗೆ ಬಡಿಯಿತು. ಮರುದಿನ ಬೆಳಗಾಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಆಗ ಹೆಲ್ಮೆಟ್ ಇರಲಿಲ್ಲ. ಅದು ಕಡ್ಡಾಯವಾಗಲು ಇನ್ನೂ ಹಲವು ದಶಕ ಬೇಕಾಯಿತು. ತಲೆಯ ಹತ್ತಿರ ಚೆಂಡು ಹಾದುಹೋದಾಗ ಆಟಗಾರರಿಗೆ ಮೈಯೆಲ್ಲ ಉರಿಯುವುದು ಇದಕ್ಕೇ. ಅವರ ಪಾಲಿಗೆ ಅದು ಜೀವದ ಪ್ರಶ್ನೆ.

ನಿಯಮ ಪುಸ್ತಕದಲ್ಲಿಲ್ಲದ, ಎಲ್ಲರಿಗೂ ಗೊತ್ತಿರುವ ಒಂದು ಕಟ್ಟಳೆ ಹುಟ್ಟಿದ್ದೂ ಇಲ್ಲಿಂದಲೇ. ನಮ್ಮವನಿಗೆ ಬೇಕೆಂದೇ ಹೊಡೆದರೆ ನಿಮ್ಮವನಿಗೂ ಬೀಳುತ್ತದೆ. ಆಗ ಪಿಚರ್‌ಗಳೂ ಬ್ಯಾಟ್ ಹಿಡಿದು ನಿಲ್ಲಲೇಬೇಕಿತ್ತು. ಇಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ 1973ರವರೆಗೆ ಹೀಗಿತ್ತು. ಇನ್ನೊಂದಾದ ನ್ಯಾಷನಲ್ ಲೀಗ್‌ನಲ್ಲಿ ಈ ಪದ್ಧತಿ ಪೂರ್ತಿ ನಿಂತದ್ದು 2022ರಲ್ಲಿ. ಹಾಗಾಗಿ ಸೇಡನ್ನು ಎಸೆದವನ ಮೇಲೇ ತೀರಿಸಿಕೊಳ್ಳಬಹುದಿತ್ತು. 1984ರ ಆಗಸ್ಟ್ 12ರಂದು ಅಟ್ಲಾಂಟಾದಲ್ಲಿ ಪಾಸ್ಕುವಲ್ ಪೆರೆಸ್ ಪಂದ್ಯದ ಮೊದಲ ಎಸೆತದಲ್ಲೇ ಸ್ಯಾನ್ ಡಿಯೆಗೊದ ಅಲನ್ ವಿಗಿನ್ಸ್‌ಗೆ ಹೊಡೆದರು. ಅಂದು ಪೆರೆಸ್ ಬ್ಯಾಟ್ ಹಿಡಿದು ಬಂದಾಗಲೆಲ್ಲ ಎದುರು ತಂಡ ಅವರ ಮೈಗೆ ಗುರಿಯಿಟ್ಟಿತು. ಮೂರು ಸಲ ತಪ್ಪಿ, ಎಂಟನೇ ಇನಿಂಗ್ಸ್‌ನಲ್ಲಿ ನಾಲ್ಕನೇ ಸಲ ತಗುಲಿತು. ಆಮೇಲೆ ನಡೆದ ಹೊಡೆದಾಟಕ್ಕೆ ಪ್ರೇಕ್ಷಕರೂ ಇಳಿದರು. ಗಾಯಗೊಂಡು ಮೇಲೆ ಪತ್ರಕರ್ತರ ಕೋಣೆಯಲ್ಲಿ ಕೂತಿದ್ದ ಅಟ್ಲಾಂಟಾದ ಬಾಬ್ ಹಾರ್ನರ್ ಸಮವಸ್ತ್ರ ಹಾಕಿಕೊಂಡು ಕೆಳಗೆ ಬಂದರು. ತಂಡದ ಕರೆ ಎಂಥದ್ದೆಂದು ಇದರಿಂದ ತಿಳಿಯುತ್ತದೆ.

ಈಗ ರೇಡಿಯೊ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಪ್ರೀತಿಯ ಭಾಗ ಇದೇ.

ದೊಡ್ಡ ಲೀಗ್ ಪಂದ್ಯವೊಂದು ಮೊದಲ ಬಾರಿ ರೇಡಿಯೊದಲ್ಲಿ ಬಂದದ್ದು 1921ರ ಆಗಸ್ಟ್ 5ರಂದು, ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರದಿಂದ. ಹೇಳಿದವರು ಹ್ಯಾರಲ್ಡ್ ಆರ್ಲಿನ್. ಮುಂದೆ ಈ ಆಟ ಮತ್ತು ರೇಡಿಯೊ ಒಂದಕ್ಕೊಂದು ಅಂಟಿಕೊಂಡುಬಿಟ್ಟವು. ಎಸೆತಕ್ಕೂ ಎಸೆತಕ್ಕೂ ನಡುವೆ ಬಿಡುವಿದೆ, ಆ ಬಿಡುವಿನಲ್ಲಿ ಕಥೆ ಹೇಳಬಹುದು. ಟೆಸ್ಟ್ ಪಂದ್ಯದ ಕಾಮೆಂಟ್ರಿಯನ್ನು ಟ್ರಾನ್ಸಿಸ್ಟರ್‌ಗೆ ಕಿವಿಯಿಟ್ಟು ಕೇಳಿದವರಿಗೆ ಇದರ ರುಚಿ ಬೇರೆ ಹೇಳಬೇಕಿಲ್ಲ. ಆದರೆ ಟೆಸ್ಟ್ ಅಪರೂಪಕ್ಕೆ ಬರುವ ಹಬ್ಬ. ಬೇಸ್‌ಬಾಲ್ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನಾ ಇರುತ್ತದೆ. ತಂಡವೊಂದಕ್ಕೆ ಋತುವಿಗೆ ಮೊದಲು 154 ಪಂದ್ಯ, 1960ರ ದಶಕದ ಆರಂಭದಿಂದ 162. ಅದೇ ಧ್ವನಿ ಅಷ್ಟೂ ದಿನ ಅಡುಗೆಮನೆಗೆ, ಅಂಗಳಕ್ಕೆ, ಕಾರಿನೊಳಕ್ಕೆ ಬರುತ್ತಿತ್ತು. ರಾತ್ರಿ ಹೊತ್ತು ಮೀಡಿಯಂ ವೇವ್ ಬಹಳ ದೂರ ಹೋಗುತ್ತದೆ. ಸೇಂಟ್ ಲೂಯಿಸ್‌ನ ಕೆಎಂಒಎಕ್ಸ್ ಕೇಂದ್ರದ 50,000 ವಾಟ್ ಪ್ರಸಾರ ಕತ್ತಲಾದ ಮೇಲೆ ಹಲವು ರಾಜ್ಯಗಳನ್ನು ದಾಟುತ್ತಿತ್ತು. ಮೈದಾನವನ್ನೇ ಕಾಣದ ಹಳ್ಳಿಯ ಹುಡುಗರೂ ಹ್ಯಾರಿ ಕ್ಯಾರಿ ಅವರ ಧ್ವನಿ ಹಿಡಿದು ಆ ತಂಡದವರಾದರು.

ಹೊಡೆದಾಟಕ್ಕೊಂದು ಹೆಸರನ್ನೂ ರೇಡಿಯೊ ಕೊಟ್ಟಿತು. ರೇಡಿಯೊದಲ್ಲಿ ಆಟ ಬಣ್ಣಿಸುತ್ತಿದ್ದ ರೆಡ್ ಬಾರ್ಬರ್ ದಕ್ಷಿಣದ ಮಿಸಿಸಿಪಿಯಲ್ಲಿ ಹುಟ್ಟಿದವರು. 1934ರಲ್ಲಿ ಸಿನ್ಸಿನಾಟಿಯಲ್ಲಿ ಕೆಲಸಕ್ಕೆ ಸೇರಿದಾಗ, ತಾವು ಬದುಕಿನಲ್ಲಿ ನೋಡಿದ ಮೊದಲ ದೊಡ್ಡ ಲೀಗ್ ಪಂದ್ಯವನ್ನೇ ಮೈಕಿನಲ್ಲಿ ಹೇಳಿದರು. ರೇಡಿಯೊ ಬಂದರೆ ಟಿಕೆಟ್ ಖರ್ಚಾಗುವುದಿಲ್ಲ ಎಂಬ ಭಯದಿಂದ ನ್ಯೂಯಾರ್ಕಿನ ಮೂರು ತಂಡಗಳೂ ಪ್ರಸಾರವನ್ನು ಐದು ವರ್ಷ ಬೇಡವೆಂದಿದ್ದವು. 1939ರಲ್ಲಿ ಬ್ರೂಕ್ಲಿನ್ ಆ ಒಪ್ಪಂದ ಬಿಟ್ಟು ಬಾರ್ಬರ್ ಅವರನ್ನು ಕರೆಸಿಕೊಂಡಿತು. ಮೈದಾನದ ಗಲಾಟೆಗೆ ಅವರು 'ರೂಬಾರ್ಬ್' ಅನ್ನುತ್ತಿದ್ದರು. ರೂಬಾರ್ಬ್ ಅಂದರೆ ಹುಳಿ ದಂಟಿನ ಒಂದು ಸೊಪ್ಪು, ಬೇಯಿಸಿದರೆ ಕರಗಿ ಮುದ್ದೆಯಾಗುತ್ತದೆ. ಪತ್ರಕರ್ತರ ಬಾಯಲ್ಲಿದ್ದ ಈ ಮಾತು ಅವರಿಂದಾಗಿ ಮನೆಮನೆಗೆ ಹೋಯಿತು. ಮೈಕಿನ ಪಕ್ಕ ಮೂರು ನಿಮಿಷದ ಮರಳಿನ ಗಡಿಯಾರ ಇಟ್ಟುಕೊಂಡಿದ್ದರು. ಮರಳು ಇಳಿದಾಗ ಸ್ಕೋರ್ ಹೇಳಿ, ಗಡಿಯಾರ ತಿರುವಿಡುವುದು. ಈಗಷ್ಟೇ ರೇಡಿಯೊ ಹಾಕಿದವನ ಬಗ್ಗೆ ಇಷ್ಟು ಕಾಳಜಿ ಇದ್ದ ಮನುಷ್ಯ ಅವರು.

ಹೊಡೆದಾಟ ಇಂಥವರಿಗೆ ನಿಜವಾದ ಪರೀಕ್ಷೆ. ಆಟಕ್ಕೊಂದು ಕ್ರಮವಿದೆ: ಎಸೆತ, ಎಣಿಕೆ, ಓಟ. ಆ ಕ್ರಮ ಹಿಡಿದೇ ವಿವರಣೆ ಸಾಗುತ್ತದೆ. ಹೊಡೆದಾಟದಲ್ಲಿ ಕ್ರಮ ಮುರಿದುಬೀಳುತ್ತದೆ. ಐವತ್ತು ಜನ ಒಟ್ಟಿಗೆ ಓಡುವಾಗ ಯಾರನ್ನು ಹೇಳುವುದು, ಯಾರನ್ನು ಬಿಡುವುದು? ಕೇಳುವವನಿಗೆ ಜನರ ಬೊಬ್ಬೆ ಮಾತ್ರ ಕೇಳಿಸುತ್ತಿದೆ. ಈ ಒಬ್ಬ ಮನುಷ್ಯ ಹೇಳಿದಷ್ಟೇ ಅವನು ಕಂಡದ್ದು. ನೂರಾರು ಸಂಜೆ ಸಮಾಧಾನವಾಗಿ ಮಾತಾಡಿದ ಧ್ವನಿ ಆಗ ಒಮ್ಮೆಲೇ ಏರಿದರೆ, ನಡುಗಿದರೆ, ಅಥವಾ ಸುಮ್ಮನಾಗಿಬಿಟ್ಟರೆ, ಅದು ಮನಸ್ಸಿಗೆ ಇಳಿಯುವ ಬಗೆಯೇ ಬೇರೆ. 1993ರ ಆಗಸ್ಟ್ 4ರಂದು 46 ವರ್ಷದ ಪಿಚರ್ ನೋಲನ್ ರಯನ್ ತಮ್ಮ ಮೇಲೇರಿ ಬಂದ 26ರ ಬ್ಯಾಟರ್ ರಾಬಿನ್ ವೆಂಚುರಾ ಅವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗುದ್ದಿದ್ದನ್ನು ವೀಡಿಯೊದಲ್ಲಿ ಎಲ್ಲರೂ ನೋಡಿದ್ದಾರೆ. ಅದನ್ನು ಹೇಳಿದವರು ಯಾರೆಂದು ಕೇಳಿ ನೋಡಿ, ಬಹಳ ಜನಕ್ಕೆ ನೆನಪಿರುವುದಿಲ್ಲ. ಟಿವಿಯ ಜಗಳ ಚಿತ್ರವಾಗಿ ಉಳಿಯಿತು, ರೇಡಿಯೊದ ಜಗಳ ಧ್ವನಿಯಾಗಿ ಉಳಿಯಿತು.

ನಿಮ್ಮ ಊರಿನ ಕಡೆಯ ಹಿರಿಯರು ಖಂಡಿತ ನೆನೆಯುವ ಜಗಳವೊಂದಿದೆ. 1965ರ ಆಗಸ್ಟ್ 22, ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಆ ಊರಿನ ಜೈಂಟ್ಸ್ ಮತ್ತು ಲಾಸ್ ಏಂಜಲೀಸ್‌ನ ಡಾಜರ್ಸ್ ತಂಡಗಳು ನ್ಯೂಯಾರ್ಕಿನಲ್ಲಿದ್ದಾಗಿನಿಂದಲೂ ಬದ್ಧವೈರಿಗಳು, 1958ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬರುವಾಗ ಆ ವೈರವನ್ನೂ ಹೊತ್ತು ತಂದವರು. ಅಂದು ಜೈಂಟ್ಸ್ ಪಿಚರ್ ಹುವಾನ್ ಮಾರಿಚಾಲ್, ಡಾಜರ್ಸ್ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್. ಇಬ್ಬರೂ ಎದುರಾಳಿಗಳ ಮೈ ಪಕ್ಕಕ್ಕೆ ಎಸೆದಾಗಿತ್ತು. ಮೂರನೇ ಇನಿಂಗ್ಸ್‌ನಲ್ಲಿ ಮಾರಿಚಾಲ್ ಬ್ಯಾಟ್ ಹಿಡಿದು ನಿಂತರು. ಹಿಂದೆ ಕೂತಿದ್ದ ಕ್ಯಾಚರ್ ಜಾನ್ ರೋಸ್‌ಬೊರೊ ಚೆಂಡನ್ನು ಕೋಫ್ಯಾಕ್ಸ್‌ಗೆ ಹಿಂತಿರುಗಿಸುವಾಗ ಮಾರಿಚಾಲ್ ಕಿವಿಯ ಪಕ್ಕದಲ್ಲೇ ಎಸೆದರು. ಅದು ಬೇಕೆಂದೇ ಮಾಡಿದ್ದು ಎಂದು ರೋಸ್‌ಬೊರೊ ಮುಂದೆ ಒಪ್ಪಿಕೊಂಡರು. ಮಾತಿಗೆ ಮಾತು ಬೆಳೆದು ಮಾರಿಚಾಲ್ ಕೈಯಲ್ಲಿದ್ದ ಬ್ಯಾಟನ್ನೇ ಎತ್ತಿ ರೋಸ್‌ಬೊರೊ ತಲೆಗೆ ಹೊಡೆದುಬಿಟ್ಟರು. ಹದಿನಾಲ್ಕು ನಿಮಿಷ ಆಟ ನಿಂತಿತು. ರಕ್ತ ಸುರಿಯುತ್ತಿದ್ದ ರೋಸ್‌ಬೊರೊ ಅವರನ್ನು ಹಿಡಿದು ಸಮಾಧಾನ ಮಾಡಿದವರು ಎದುರು ತಂಡದ ವಿಲ್ಲಿ ಮೇಸ್. ಗಾಯಕ್ಕೆ 14 ಹೊಲಿಗೆ ಬಿದ್ದವು. ಆಟ ಮತ್ತೆ ಶುರುವಾದಾಗ ಅದೇ ಮೇಸ್ ಮೂರು ರನ್ನಿನ ಹೋಮ್ ರನ್ ಹೊಡೆದರು, ಜೈಂಟ್ಸ್ 4-3ರಲ್ಲಿ ಗೆದ್ದಿತು. ಮಾರಿಚಾಲ್‌ಗೆ ಎಂಟು ಪಂದ್ಯಗಳ ಅಮಾನತು, 1,750 ಡಾಲರ್ ದಂಡ. ಆ ವರ್ಷ ಡಾಜರ್ಸ್ ಎರಡೇ ಪಂದ್ಯಗಳ ಅಂತರದಲ್ಲಿ ಲೀಗ್ ಗೆದ್ದಿತು.

ನಾಲ್ಕು ವಾರ್ತೆಗಳಷ್ಟು ವಿಷಯ ಈ ಒಂದು ಜಗಳದೊಳಗಿದೆ. ಮಾರಿಚಾಲ್ ಅವರ ತಾಯ್ನಾಡು ಡೊಮಿನಿಕನ್ ರಿಪಬ್ಲಿಕ್ ಆ ವರ್ಷ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ರೋಸ್‌ಬೊರೊ ಆಡುತ್ತಿದ್ದ ತಂಡದ ಊರು ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯ ಗಲಭೆ ಆರಿ ವಾರವೂ ಆಗಿರಲಿಲ್ಲ. ಇಬ್ಬರೂ ಆ ಮಧ್ಯಾಹ್ನ ಮೈದಾನಕ್ಕೆ ಬಂದದ್ದು ಆ ಭಾರ ಹೊತ್ತೇ. ಹದಿನೆಂಟು ವರ್ಷದ ನಂತರ, 1983ರಲ್ಲಿ, ಮಾರಿಚಾಲ್ ಬೇಸ್‌ಬಾಲ್‌ನ ಶ್ರೇಷ್ಠರಿಗೆ ಸಿಗುವ ಗೌರವವಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಅದಕ್ಕೂ ಮುಂಚೆ ಎರಡು ಸಲ ಮತ ಸಾಲದೆ ಹೋಗಿತ್ತು. ಆ ಹಳೆಯ ಜಗಳವನ್ನು ಅವರ ಮೇಲೆ ಇನ್ನೂ ಹೊರಿಸಬೇಡಿ ಎಂದು ಅವರ ಪರ ನಿಂತವರು ರೋಸ್‌ಬೊರೊ. 2002ರಲ್ಲಿ ರೋಸ್‌ಬೊರೊ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಡುವವರ ಗೌರವ ಸ್ಥಾನದಲ್ಲಿ ಮಾರಿಚಾಲ್ ಇದ್ದರು. ಬ್ಯಾಟ್ ಎತ್ತಿದ್ದು ತಪ್ಪೇ, ಅದಕ್ಕೆ ಬೇರೆ ಮಾತಿಲ್ಲ. ಆದರೆ ಜಗಳದ ಚಿತ್ರವನ್ನು ಮಾತ್ರ ತೋರಿಸಿ ಈ ಮೂವತ್ತೇಳು ವರ್ಷಗಳ ಕಥೆಯನ್ನು ಬಿಟ್ಟರೆ ಇಬ್ಬರಿಗೂ ಅನ್ಯಾಯ.

ಅಭಿಮಾನಿಗಳು ಅಕ್ಕರೆಯಿಂದ ನೆನೆಯದ ರಾತ್ರಿಯೂ ಒಂದಿದೆ. 1974ರ ಜೂನ್ 4, ಕ್ಲೀವ್‌ಲ್ಯಾಂಡ್. ಜನ ಬರಲೆಂದು ಬಿಯರನ್ನು ಹತ್ತು ಸೆಂಟಿಗೆ ಮಾರಿದರು. 25,134 ಜನ ಬಂದರು. ಆರು ದಿನ ಹಿಂದೆ ಟೆಕ್ಸಾಸ್‌ನಲ್ಲಿ ಇದೇ ಎರಡು ತಂಡಗಳು ಹೊಡೆದಾಡಿದ್ದವು. ಒಂಬತ್ತನೇ ಇನಿಂಗ್ಸ್‌ನಲ್ಲಿ ಸ್ಕೋರ್ 5-5 ಆಗಿದ್ದಾಗ ಕುಡಿದವರು ಮೈದಾನಕ್ಕಿಳಿದು ಟೆಕ್ಸಾಸ್‌ನ ಜೆಫ್ ಬರೋಸ್ ಅವರನ್ನು ಸುತ್ತುವರಿದರು. ಟೆಕ್ಸಾಸ್ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ತಮ್ಮ ಹುಡುಗರ ಕೈಗೆ ಬ್ಯಾಟ್ ಕೊಟ್ಟು ಓಡಿದರು. ಜನ ಇವರನ್ನೂ ಸುತ್ತಿಕೊಂಡಾಗ, ಕ್ಲೀವ್‌ಲ್ಯಾಂಡ್ ಮ್ಯಾನೇಜರ್ ಕೆನ್ ಆಸ್ಪ್ರೊಮಾಂಟೆ ತಮ್ಮ ಆಟಗಾರರನ್ನೂ ಕಳಿಸಿದರು, ಎದುರು ತಂಡವನ್ನು ಕಾಪಾಡುವುದಕ್ಕೆ, ತಮ್ಮದೇ ಅಭಿಮಾನಿಗಳಿಂದ. ಕ್ಲೀವ್‌ಲ್ಯಾಂಡಿನ ಪಿಚರ್ ಟಾಮ್ ಹಿಲ್ಗೆಂಡಾರ್ಫ್ ಅವರ ತಲೆಗೆ ಕಬ್ಬಿಣದ ಕುರ್ಚಿ ಬಡಿಯಿತು. ಅಂಪೈರ್ ನೆಸ್ಟರ್ ಚೈಲಾಕ್ ಪಂದ್ಯವನ್ನು ಟೆಕ್ಸಾಸ್‌ಗೆ ಕೊಟ್ಟು ಆಟ ಮುಗಿಸಿದರು.

ಇದನ್ನು ರೇಡಿಯೊದಲ್ಲಿ ಹೇಳಿದವರು ಜೋ ಟೇಟ್ ಮತ್ತು ಹರ್ಬ್ ಸ್ಕೋರ್. ಸ್ಕೋರ್ ಅದೇ ಕ್ಲೀವ್‌ಲ್ಯಾಂಡಿನ ಪಿಚರ್ ಆಗಿದ್ದವರು. 1957ರಲ್ಲಿ ನ್ಯೂಯಾರ್ಕಿನ ಗಿಲ್ ಮ್ಯಾಕ್‌ಡೂಗಲ್ ಹೊಡೆದ ಚೆಂಡು ನೇರ ಅವರ ಕಣ್ಣಿಗೆ ಬಡಿದಿತ್ತು. ಆಮೇಲೆ ಆ ಹಳೆಯ ಆಟ ಅವರಿಗೆ ಮರಳಿ ದಕ್ಕಲಿಲ್ಲ. ಅಂಥ ಪೆಟ್ಟು ತಿಂದ ಮನುಷ್ಯ ಅದೇ ಮೈದಾನದಲ್ಲಿ ಮೈಕ್ ಹಿಡಿದು, ತನ್ನ ತಂಡದವರಿಗೆ ಪೆಟ್ಟು ಬೀಳುವುದನ್ನು ನೋಡುತ್ತ ಕೂತಿದ್ದರು.

ಎಲ್ಲ ಧ್ವನಿಗಳೂ ಗಲಾಟೆಯಿಂದಲೇ ನೆನಪಾಗುವುದಿಲ್ಲ. ಡೆಟ್ರಾಯಿಟ್‌ನ ಎರ್ನಿ ಹಾರ್ವೆಲ್ ಪ್ರೇಕ್ಷಕರತ್ತ ಚೆಂಡು ಹೋದಾಗ, ಇಂಥ ಊರಿನವರೊಬ್ಬರು ಹಿಡಿದರು ಎಂದು ಮಿಶಿಗನ್‌ನ ಯಾವುದೋ ಊರಿನ ಹೆಸರು ಹೇಳುತ್ತಿದ್ದರು. ಹಾಗೆ ಹೇಳಿ ಊರೂರನ್ನೂ ಮೈದಾನದೊಳಗೆ ಕೂರಿಸಿದರು. ಲಾಸ್ ಏಂಜಲೀಸ್‌ಗೆ ಬಂದ ಹೊಸದರಲ್ಲಿ ಡಾಜರ್ಸ್ ಆಡಿದ ಕಾಲಿಸಿಯಂ ಎಷ್ಟು ದೊಡ್ಡದೆಂದರೆ, ಒಳಗೆ ಕೂತವರೂ ಟ್ರಾನ್ಸಿಸ್ಟರ್ ತಂದು ವಿನ್ ಸ್ಕಲ್ಲಿ ಹೇಳುವುದನ್ನು ಕೇಳಿಕೊಂಡೇ ಆಟ ನೋಡುತ್ತಿದ್ದರು. 1950ರಿಂದ 2016ರವರೆಗೆ, 67 ಋತು, ಆ ಒಂದೇ ತಂಡಕ್ಕೆ ಅವರು ಧ್ವನಿಯಾಗಿದ್ದರು.

ಹಾಗಾಗಿ ಕ್ಯಾಂಡಲ್‌ಸ್ಟಿಕ್‌ನ ಆ ಮಧ್ಯಾಹ್ನ ಒಂದೇ ಆದರೂ ಕಥೆ ಎರಡು. ದಕ್ಷಿಣದವರು ಅದನ್ನು ಸ್ಕಲ್ಲಿ ಬಾಯಲ್ಲಿ ಕೇಳಿದವರು. ನಿಮ್ಮ ಕಡೆಯವರಿಗೆ ಅದು ಕೆಎಸ್‌ಎಫ್‌ಒ ಕೇಂದ್ರ, ರಸ್ ಹಾಡ್ಜಸ್ ಮತ್ತು ಲಾನ್ ಸಿಮನ್ಸ್. ಮುಂದಿನ ಸಂಜೆ ಪಕ್ಕದ ಮನೆಯವರು ಮಾರಿಚಾಲ್ ಹೆಸರು ತೆಗೆದರೆ, ತಪ್ಪು ಯಾರದೆಂದು ಕೇಳಬೇಡಿ. ಆಗ ನೀವು ಯಾವ ಸ್ಟೇಷನ್ ಕೇಳುತ್ತಿದ್ದಿರಿ, ರೇಡಿಯೊ ಮನೆಯ ಯಾವ ಮೂಲೆಯಲ್ಲಿತ್ತು ಎಂದು ಕೇಳಿ.