ಯುದ್ಧ ಬೇಡವೆಂದ ಐರ್ಲೆಂಡ್ ಊರೂರಲ್ಲಿ ಕಾವಲು ಕಟ್ಟಿದ ಕಥೆ

1939ರ ಸೆಪ್ಟೆಂಬರ್‌ನಲ್ಲಿ ಯುರೋಪ್ ಹೊತ್ತಿಕೊಂಡಾಗ ಐರ್ಲೆಂಡ್ ಯಾರ ಕಡೆಗೂ ಸೇರಲಿಲ್ಲ. ಪ್ರಧಾನಿ ಈಮನ್ ಡಿ ವೆಲೆರಾ ದೇಶ ತಟಸ್ಥ ಎಂದು ಸಾರಿದರು. ಆದರೆ ಯುದ್ಧದಿಂದ ದೂರ ಇರುತ್ತೇವೆ ಅಂದ ಮಾತ್ರಕ್ಕೆ ಯುದ್ಧ ಸುಮ್ನೆ ಬಿಡುತ್ತದೆಯೇ? 1940ರ ವಸಂತದಲ್ಲಿ ಡೆನ್ಮಾರ್ಕ್, ನಾರ್ವೆ, ಹಾಲೆಂಡ್, ಬೆಲ್ಜಿಯಂ ಒಂದರ ಹಿಂದೊಂದು ಜರ್ಮನಿಯ ಕೈಗೆ ಬಿದ್ದವು. ಅವೂ ತಟಸ್ಥ ದೇಶಗಳೇ.

ಐರ್ಲೆಂಡಿನ ಕಷ್ಟ ಇನ್ನೂ ಒಂದು ಸುತ್ತು ಜಾಸ್ತಿ. ಅದು ಎರಡೂ ದಿಕ್ಕಿಗೆ ಕಣ್ಣಿಡಬೇಕಿತ್ತು. ಜರ್ಮನಿ ಸಮುದ್ರ ದಾಟಿ ಬರಬಹುದಿತ್ತು. ಬ್ರಿಟನ್ ತನ್ನ ಕೈಯಲ್ಲೇ ಉಳಿದಿದ್ದ ಉತ್ತರ ಐರ್ಲೆಂಡಿನ ಗಡಿ ದಾಟಿ ಬರಬಹುದಿತ್ತು. ಬ್ರಿಟನ್ ತನ್ನ ಕೈಯಲ್ಲಿದ್ದ ಮೂರು ಬಂದರುಗಳನ್ನು ಐರ್ಲೆಂಡಿಗೆ ಬಿಟ್ಟುಕೊಟ್ಟಿದ್ದು 1938ರಲ್ಲಷ್ಟೇ. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಕಾಟ ಶುರುವಾದ ಮೇಲೆ ಚರ್ಚಿಲ್‌ಗೆ ಅವು ಮತ್ತೆ ಬೇಕೆನಿಸಿದವು. ಇದನ್ನೆಲ್ಲ ತಡೆಯಬೇಕಾದ ಸೈನ್ಯವೋ ತೀರಾ ಚಿಕ್ಕದು. ಮದ್ದುಗುಂಡಿಗೂ ಬರ. ಸಾಲದ್ದಕ್ಕೆ 1939ರ ಡಿಸೆಂಬರ್ 23ರಂದು ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನ ಕೋಟೆಗೆ ನುಗ್ಗಿದ ನಿಷೇಧಿತ ಸಶಸ್ತ್ರ ಸಂಘಟನೆ ಐಆರ್‌ಎ, ಸೈನ್ಯದ 10 ಲಕ್ಷಕ್ಕೂ ಜಾಸ್ತಿ ಗುಂಡುಗಳನ್ನು ಲಾರಿಗಳಲ್ಲಿ ತುಂಬಿಕೊಂಡು ಹೋಯಿತು. ಬಹುಪಾಲು ಕೆಲವೇ ವಾರಗಳಲ್ಲಿ ಸಿಕ್ಕಿತು. ಸರ್ಕಾರಕ್ಕೆ ತನ್ನ ಬಲ ಎಷ್ಟೆಂದು ಮಾತ್ರ ಚೆನ್ನಾಗಿ ಗೊತ್ತಾಯಿತು.

1940ರ ಮೇ ಕೊನೆಯಲ್ಲಿ ಸರ್ಕಾರ ಸಾಮಾನ್ಯ ಜನರನ್ನು ಕರೆಯಿತು. ಹೀಗೆ ಹುಟ್ಟಿದ್ದು ಲೋಕಲ್ ಸೆಕ್ಯುರಿಟಿ ಫೋರ್ಸ್. ಸಂಬಳ ಇಲ್ಲ. ಹಗಲು ತಮ್ಮ ಹೊಲ, ಅಂಗಡಿ, ಆಫೀಸು. ಸಂಜೆ ಕವಾಯತು, ರಾತ್ರಿ ಕಾವಲು. ಹೆಸರು ಬರೆಸಬೇಕಾದದ್ದು ಊರಿನ ಪೊಲೀಸ್ ಠಾಣೆಯಲ್ಲಿ. ಇದು ಸರಿಯಾದ ಏರ್ಪಾಡೇ ಆಗಿತ್ತು, ಯಾಕೆಂದರೆ ಯಾರು ಎಂಥವರು ಅನ್ನೋದು ಊರ ಪೊಲೀಸರಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಸೇರಿದವರ ಸಂಖ್ಯೆ 1 ಲಕ್ಷ ದಾಟಿತು. ಇಡೀ ದೇಶದ ಜನಸಂಖ್ಯೆ ಆಗ 30 ಲಕ್ಷದ ಆಸುಪಾಸು!

ಬೇಗನೆ ಇದು ಎರಡು ಭಾಗವಾಯಿತು. ಹೋರಾಡಬೇಕಾದ ಗುಂಪು 1941ರ ಜನವರಿ 1ರಂದು ಸೈನ್ಯದ ಕೈಕೆಳಗೆ ಬಂದು ಲೋಕಲ್ ಡಿಫೆನ್ಸ್ ಫೋರ್ಸ್ ಆಯಿತು. ಉಳಿದವರು ಪೊಲೀಸರಿಗೆ ನೆರವಾಗುತ್ತಾ ಹಳೆಯ ಹೆಸರಿನಲ್ಲೇ ಮುಂದುವರಿದರು. ಆಯುಧದ ಕೊರತೆ ಎಷ್ಟಿತ್ತೆಂದರೆ ಮೊದಮೊದಲು ಮನೆಯಲ್ಲಿದ್ದ ಬೇಟೆ ಬಂದೂಕುಗಳನ್ನೇ ನೆಚ್ಚಬೇಕಾಯಿತು. ಆಮೇಲೆ ಅಮೆರಿಕದಿಂದ ಹಿಂದಿನ ಮಹಾಯುದ್ಧದ ಕಾಲದ ರೈಫಲ್‌ಗಳು ಬಂದವು.

ನನ್ನ ಮಟ್ಟಿಗೆ ಈ ಪಡೆಯ ದೊಡ್ಡ ಸಂಗತಿ ಬಂದೂಕಿನದ್ದಲ್ಲ, ಅದನ್ನು ಹಿಡಿದು ಪಕ್ಕಪಕ್ಕ ನಿಂತವರದ್ದು. 1922–23ರಲ್ಲಿ ಈ ದೇಶದಲ್ಲಿ ಅಂತರ್ಯುದ್ಧ ನಡೆದಿತ್ತು. ಸ್ವಾತಂತ್ರ್ಯ ಹೋರಾಟದ ಕೊನೆಗೆ ಬ್ರಿಟನ್ ಜೊತೆ ಆದ ಒಪ್ಪಂದವನ್ನು ಒಪ್ಪಿದವರು ಒಂದು ಕಡೆ, ಒಪ್ಪದವರು ಇನ್ನೊಂದು ಕಡೆ. ನಿನ್ನೆವರೆಗೆ ಒಟ್ಟಿಗೆ ಹೋರಾಡಿದವರೇ ಒಬ್ಬರನ್ನೊಬ್ಬರು ಕೊಂದರು. ಸೆರೆ ಸಿಕ್ಕವರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದ್ದೂ ಉಂಟು. ಆ ಹಗೆ ಮನೆಮನೆಗಳಲ್ಲಿ ಉಳಿದಿತ್ತು. 1940ರ ಜೂನ್‌ನಲ್ಲಿ ಡಬ್ಲಿನ್‌ನ ಕಾಲೇಜ್ ಗ್ರೀನ್‌ನಲ್ಲಿ ಡಿ ವೆಲೆರಾ ಮತ್ತು ಅಂತರ್ಯುದ್ಧದಲ್ಲಿ ಅವರ ಎದುರಾಳಿಯಾಗಿದ್ದ ವಿಲಿಯಂ ಕಾಸ್ಗ್ರೇವ್ ಒಂದೇ ವೇದಿಕೆಯಲ್ಲಿ ನಿಂತು, ದೇಶ ಕಾಯಲು ಬನ್ನಿ ಎಂದು ಕೇಳಿಕೊಂಡರು. ಹದಿನೇಳು ವರ್ಷದ ಹಿಂದೆ ಇದನ್ನು ಯಾರಾದರೂ ಊಹಿಸಲು ಸಾಧ್ಯವಿತ್ತೇ? ಹಳೆಯ ಸ್ವಾತಂತ್ರ್ಯ ಹೋರಾಟಗಾರರಿಂದಲೇ ಡಬ್ಲಿನ್‌ನಲ್ಲಿ ಸೈನ್ಯದ 26ನೇ ಬೆಟಾಲಿಯನ್ ಕಟ್ಟಲಾಯಿತು. ಹಳ್ಳಿಯ ಪಡೆಗಳಲ್ಲೂ ಅಷ್ಟೇ. ಎರಡೂ ಬಣದವರು, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ದುಡಿದು ಬಂದವರು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತರು. ಯಾವ ರಾಜಿ ಸಭೆಯೂ ಮಾಡದ ಕೆಲಸ ಇದು.

ದೊಡ್ಡ ದಾಳಿ ಬರಲೇ ಇಲ್ಲ. ಹಾಗಂತ ಯುದ್ಧ ಈ ಕಡೆ ಹಾಯಲೇ ಇಲ್ಲ ಎಂದಲ್ಲ. 1940ರ ಜುಲೈನಲ್ಲಿ ಮೂವರು ಜರ್ಮನ್ ಗೂಢಚಾರರು ದೋಣಿಯಲ್ಲಿ ಬಂದು ಕಾರ್ಕ್ ಜಿಲ್ಲೆಯ ತೀರದಲ್ಲಿ ಇಳಿದರು. ಅವರಲ್ಲೊಬ್ಬ ಭಾರತೀಯ, ಹೆನ್ರಿ ಓಬೆಡ್. ಅಪರಿಚಿತರು ಬಂದರೆ ಇಡೀ ಊರಿಗೆ ತಿಳಿಯುವ ಸೀಮೆ ಅದು, ಬೇಗನೆ ಸಿಕ್ಕಿಬಿದ್ದರು. ಇತ್ತ ಸಮುದ್ರ ತೀರದಲ್ಲಿ 83 ಕಾವಲು ಠಾಣೆಗಳಿದ್ದವು. ಇದು ಬೇರೆಯದೇ ಪಡೆ, ಇಲ್ಲೂ ಇದ್ದವರು ಸ್ಥಳೀಯರೇ. ವಿಮಾನಗಳಿಗೆ ಇದು ತಟಸ್ಥ ನೆಲ ಎಂದು ತಿಳಿಯಲು ಅವರು ಸುಣ್ಣ ಬಳಿದ ಕಲ್ಲುಗಳನ್ನು ಜೋಡಿಸಿ ದೇಶದ ಹೆಸರು ಬರೆದರು. 1941ರ ಮೇ 31ರ ನಸುಕಿನಲ್ಲಿ ಡಬ್ಲಿನ್‌ನ ನಾರ್ತ್ ಸ್ಟ್ರಾಂಡ್ ಮೇಲೆ ಜರ್ಮನ್ ಬಾಂಬುಗಳು ಬಿದ್ದು 28 ಜನ ಸತ್ತರು.

1946ರಲ್ಲಿ ಲೋಕಲ್ ಡಿಫೆನ್ಸ್ ಫೋರ್ಸ್ ಹೋಗಿ, ಅದರ ಜಾಗಕ್ಕೆ ಎಫ್‌ಸಿಎ ಎಂಬ ಅರೆಕಾಲಿಕ ಮೀಸಲು ಪಡೆ ಬಂತು. ಸೇವೆ ಸಲ್ಲಿಸಿದವರಿಗೆ ಸರ್ಕಾರ ಪದಕ ಕೊಟ್ಟಿತು. ಆದರೂ ಆ ವರ್ಷಗಳ ಬಗ್ಗೆ ಬರೆಯುವವರು ಡಿ ವೆಲೆರಾ ಮತ್ತು ಚರ್ಚಿಲ್ ನಡುವಿನ ಜಟಾಪಟಿಗೆ ಪುಟಗಟ್ಟಲೆ ಕೊಟ್ಟು, ಈ ಜನರಿಗೆ ನಾಲ್ಕು ಸಾಲು ಕೊಡುತ್ತಾರೆ. ಅದು ನ್ಯಾಯವಲ್ಲ. ಎಫ್‌ಸಿಎ 2005ರವರೆಗೂ ಅದೇ ಹೆಸರಿನಲ್ಲಿ ನಡೆಯಿತು. ಆಮೇಲೆ ಸೈನ್ಯದ ಮೀಸಲು ಪಡೆಯಾಗಿ ಬದಲಾಯಿತು.