ಟ್ಯೂಪಲ್‌ಗಳ ಲಿಸ್ಟಿನಲ್ಲಿ ಒಂದು ದರವನ್ನು ತಿದ್ದುವುದು ಹೇಗೆ?

ಓದುಗರ ಪ್ರಶ್ನೆ: ಕೋಲಾರ ಎಪಿಎಂಸಿಯ ಮಂಡಿಯೊಂದರಲ್ಲಿ ನನ್ನ ತಂದೆ ಲೆಕ್ಕ ಬರೆಯುತ್ತಾರೆ. ಅದೇ ಲೆಕ್ಕವನ್ನು ಪೈಥಾನ್ ಅಭ್ಯಾಸಕ್ಕೆ ತೆಗೆದುಕೊಂಡು, ಪ್ರತಿ ಟೊಮೆಟೊ ಲಾಟಿನ ಊರು, ಬಾಕ್ಸುಗಳ ಸಂಖ್ಯೆ ಮತ್ತು ದರವನ್ನು ಒಂದು ಟ್ಯೂಪಲ್ (ದುಂಡು ಆವರಣದಲ್ಲಿ ಬರೆಯುವ ಮೌಲ್ಯಗಳ ಕಟ್ಟು) ಮಾಡಿ ಲಿಸ್ಟಿಗೆ (ಚೌಕ ಆವರಣದ ಪಟ್ಟಿಗೆ) ಸೇರಿಸಿದ್ದೇನೆ. ಹರಾಜು ಮುಗಿದ ಮೇಲೆ ದರ ತಿದ್ದಲು ಹೋದರೆ ಟೈಪ್‌ಎರರ್ ಬರುತ್ತದೆ. ಲಿಸ್ಟನ್ನು ಬದಲಿಸಬಹುದು ಎಂದು ಪಾಠದಲ್ಲಿ ಹೇಳಿದ್ದರಲ್ಲ?

ಉತ್ತರ: ಪಾಠದಲ್ಲಿ ಹೇಳಿದ್ದು ಸರಿ, ನಿಮಗೆ ಬಂದ ಎರರ್ ಕೂಡ ಸರಿಯೇ. ನಿಮ್ಮ ಲಿಸ್ಟ್ ಹೀಗಿದೆ ಎಂದುಕೊಳ್ಳೋಣ. ಅಂಕಿಗಳು ಉದಾಹರಣೆಗಷ್ಟೇ, ದರ 15 ಕೆ.ಜಿ. ಬಾಕ್ಸಿನದು.

ಲಾಟುಗಳು = [("ಮುಳಬಾಗಿಲು", 42, 310), ("ಶ್ರೀನಿವಾಸಪುರ", 65, 290), ("ಮಾಲೂರು", 30, 305)]

ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದಾದ್ದರಿಂದ ಈ ಸಾಲು ಇದ್ದಂತೆಯೇ ಓಡುತ್ತದೆ. ನೀವು ಬರೆದದ್ದು ಬಹುಶಃ ಇದು:

ಲಾಟುಗಳು[1][2] = 340

ನೋಡಲು ಒಂದೇ ಕೆಲಸದಂತಿದ್ದರೂ ಇಲ್ಲಿ ಎರಡು ಹೆಜ್ಜೆಗಳಿವೆ. ಮೊದಲು ಲಾಟುಗಳು[1] ಎಂಬ ಭಾಗವು ಲಿಸ್ಟಿನಿಂದ ಎರಡನೆಯ ಟ್ಯೂಪಲನ್ನು ಓದಿ ತರುತ್ತದೆ (ಪೈಥಾನ್ ಸ್ಥಾನಗಳನ್ನು 0ಯಿಂದ ಎಣಿಸುತ್ತದೆ). ಬಳಿಕ, ಹಾಗೆ ತಂದ ಟ್ಯೂಪಲಿನ ಮೂರನೆಯ ಸ್ಥಾನದಲ್ಲಿ 340 ಇಡು ಎಂಬ ಆಜ್ಞೆ ಆ ಟ್ಯೂಪಲಿಗೇ ಹೋಗುತ್ತದೆ, ಲಿಸ್ಟಿಗಲ್ಲ. ಒಮ್ಮೆ ಕಟ್ಟಿದ ಟ್ಯೂಪಲಿನ ಯಾವ ಸ್ಥಾನದಲ್ಲಿಯೂ ಬೇರೊಂದನ್ನು ಇಡುವಂತಿಲ್ಲವಾದ್ದರಿಂದ ಅದು ನಿರಾಕರಿಸುತ್ತದೆ. ಲಿಸ್ಟಿನಲ್ಲಿ ಬದಲಿಸಬಹುದಾದದ್ದು ಅದರ ಸ್ಥಾನಗಳಲ್ಲಿ ಯಾವ ಟ್ಯೂಪಲ್ ಇರಬೇಕೆಂಬುದನ್ನು ಮಾತ್ರ. ಆದ್ದರಿಂದ ಹಳೆಯದನ್ನು ತಿದ್ದುವ ಬದಲು ಹೊಸ ಟ್ಯೂಪಲ್ ಕಟ್ಟಿ ಅದೇ ಜಾಗದಲ್ಲಿ ಇಡಬೇಕು:

ಊರು, ಬಾಕ್ಸ್, ದರ = ಲಾಟುಗಳು[1]
ಲಾಟುಗಳು[1] = (ಊರು, ಬಾಕ್ಸ್, 340)

ಎಲ್ಲ ಲಾಟುಗಳ ದರವನ್ನೂ ಒಟ್ಟಿಗೆ ಏರಿಸಬೇಕಾದಾಗ ಹೊಸಬರು ಇನ್ನೊಂದು ಕಡೆ ಎಡವುತ್ತಾರೆ, ಮತ್ತು ಅಲ್ಲಿ ಎರರ್ ಕೂಡ ಬರುವುದಿಲ್ಲವಾದ್ದರಿಂದ ತಪ್ಪು ಗೊತ್ತಾಗುವುದೇ ತಡ. ಫಾರ್ ಮುಂತಾದ ಕೀವರ್ಡುಗಳನ್ನು ಕನ್ನಡದಲ್ಲಿ ಬರೆಯಲಾಗದು, ಹಾಗಾಗಿ ಇದನ್ನು ಮಾತಿನಲ್ಲೇ ಹೇಳುತ್ತೇನೆ. ಫಾರ್ ಲೂಪಿನಲ್ಲಿ ಪ್ರತಿ ಟ್ಯೂಪಲಿಗೂ ‘ಲಾಟು’ ಎಂಬ ಹೆಸರು ಕೊಟ್ಟು, ಒಳಗೆ ಲಾಟು = (ಊರು, ಬಾಕ್ಸ್, ದರ + 10) ಎಂದು ಬರೆದರೆ, ‘ಲಾಟು’ ಎಂಬ ಹೆಸರು ಹೊಸ ಟ್ಯೂಪಲಿಗೆ ಅಂಟಿಕೊಳ್ಳುತ್ತದೆಯೇ ಹೊರತು ಲಿಸ್ಟಿನ ಜಾಗದಲ್ಲಿ ಹಳೆಯದೇ ಉಳಿದಿರುತ್ತದೆ. ಎನ್ಯೂಮರೇಟ್ ಬಳಸಿ ಇಂಡೆಕ್ಸನ್ನೂ (ಸ್ಥಾನದ ಸಂಖ್ಯೆಯನ್ನೂ) ಪಡೆದು ಆ ಇಂಡೆಕ್ಸಿನಲ್ಲಿ ಹೊಸದನ್ನು ಇಡುವುದು ಒಂದು ದಾರಿ. ಒಂದೇ ಸಾಲಿನಲ್ಲಿ ಲಿಸ್ಟ್ ಕಟ್ಟುವ ಲಿಸ್ಟ್ ಕಾಂಪ್ರಿಹೆನ್ಶನ್‌ನಿಂದ ಇಡೀ ಲಿಸ್ಟನ್ನೇ ಹೊಸದಾಗಿ ಕಟ್ಟುವುದು ಇನ್ನೊಂದು, ನನಗೆ ಇದೇ ಹೆಚ್ಚು ಸ್ಪಷ್ಟವೆನಿಸುತ್ತದೆ. ಪ್ರೋಗ್ರಾಮಿನ ಬೇರೆ ಭಾಗಗಳು ಅದೇ ಲಿಸ್ಟನ್ನು ಬೇರೆ ಹೆಸರಿನಿಂದ ಬಳಸುತ್ತಿದ್ದರೆ, ಎಡಬದಿಯಲ್ಲಿ ಲಾಟುಗಳು[:] ಎಂದು ಬರೆಯಿರಿ. ಆಗ ಹಳೆಯ ಲಿಸ್ಟೇ ಹೊಸ ಟ್ಯೂಪಲ್‌ಗಳಿಂದ ತುಂಬಿಕೊಳ್ಳುತ್ತದೆ.

ಟ್ಯೂಪಲಿನೊಳಗೆ ಲಿಸ್ಟ್ ಇಟ್ಟರೆ ದರ ಸೇರಿಸಬಹುದಲ್ಲ ಎಂದು ನಿಮಗೆ ತೋಚಬಹುದು. ಸೇರಿಸಬಹುದು, ಆದರೆ ಇದನ್ನು ಒಮ್ಮೆ ಓಡಿಸಿ ನೋಡಿ:

ದಾಖಲೆ = ("ಮಾಲೂರು", [305, 312])
ದಾಖಲೆ[1] += [320]

ಎರಡನೆಯ ಸಾಲಿಗೆ ಟೈಪ್‌ಎರರ್ ಬರುತ್ತದೆ, ಆದರೂ ಒಳಗಿನ ಲಿಸ್ಟಿಗೆ 320 ಸೇರಿಕೊಂಡಿರುತ್ತದೆ! += ಚಿಹ್ನೆಯು ಮೊದಲು ಒಳಗಿನ ಲಿಸ್ಟನ್ನು ಇದ್ದಲ್ಲೇ ಬೆಳೆಸುತ್ತದೆ, ಅದು ಸಫಲವಾಗುತ್ತದೆ. ಅನಂತರ ಫಲಿತಾಂಶವನ್ನು ಟ್ಯೂಪಲಿನ ಸ್ಥಾನಕ್ಕೆ ಮರಳಿ ಇಡಲು ಹೋಗುತ್ತದೆ, ಟ್ಯೂಪಲ್ ತಡೆಯುವುದು ಆಗಲೇ. ಲಿಸ್ಟಿನ ಕೊನೆಗೆ ಸೇರಿಸುವ ಅಪೆಂಡ್ ಬಳಸಿದರೆ ಮರಳಿ ಇಡುವ ಹೆಜ್ಜೆಯೇ ಇಲ್ಲದ ಕಾರಣ ಈ ತೊಡಕು ಬರುವುದಿಲ್ಲ.

ಟ್ಯೂಪಲನ್ನು ಇಷ್ಟು ಬಿಗಿಯಾಗಿ ರೂಪಿಸಿದ್ದಕ್ಕೆ ಕಾರಣವಿದೆ. ಡಿಕ್ಷನರಿಯು (ಕೀ ಕೊಟ್ಟರೆ ಅದಕ್ಕೆ ಜೋಡಿಸಿದ ಮೌಲ್ಯ ಕೊಡುವ ರಚನೆ) ಕೀಯಿಂದ ಲೆಕ್ಕ ಹಾಕಿದ ಹ್ಯಾಶ್ ಸಂಖ್ಯೆಯ ಆಧಾರದಲ್ಲಿ ಮೌಲ್ಯವನ್ನು ಹುಡುಕುತ್ತದೆ; ಕೀಯೇ ನಡುವೆ ಬದಲಾದರೆ ಇಟ್ಟದ್ದು ಸಿಗದಂತಾಗುತ್ತದೆ. ಬದಲಾಗದ ಅಂಶಗಳ ಟ್ಯೂಪಲ್ ಕೀ ಆಗಬಲ್ಲದು, ಲಿಸ್ಟ್ ಆಗಲಾರದು. ಮೇಲಿನ ‘ದಾಖಲೆ’ಯಂತೆ ಒಳಗೆ ಲಿಸ್ಟ್ ಇರುವ ಟ್ಯೂಪಲ್ ಕೂಡ ಆಗಲಾರದು.

ನಿಮ್ಮ ಲೆಕ್ಕದಲ್ಲಿ ಊರು ಬದಲಾಗುವುದಿಲ್ಲ, ದರ ದಿನವೂ ಬದಲಾಗುತ್ತದೆ. ಎರಡನ್ನೂ ಒಂದೇ ಟ್ಯೂಪಲಿನಲ್ಲಿ ಕಟ್ಟಿಹಾಕಿದ್ದೇ ಈ ತೊಂದರೆಯ ಮೂಲ ಎಂಬುದು ನನ್ನ ಅಭಿಪ್ರಾಯ. ಪೈಥಾನ್ 3.7ರಿಂದ ಲಭ್ಯವಿರುವ ಡೇಟಾಕ್ಲಾಸ್ (ಹೆಸರಿಟ್ಟ ಅಂಶಗಳ ದಾಖಲೆ ಕಟ್ಟುವ ಸೌಲಭ್ಯ) ಇಂಥ ದಾಖಲೆಗಳಿಗೆ ಚೆನ್ನಾಗಿ ಹೊಂದುತ್ತದೆ. ಅದನ್ನು ಇನ್ನೂ ಕಲಿತಿಲ್ಲವಾದರೆ ಡಿಕ್ಷನರಿಯೇ ಸಾಕು. ಒಂದೇ ಊರಿನಿಂದ ಎರಡು ಲಾಟು ಬರಬಹುದಾದ್ದರಿಂದ ಊರಿನ ಜೊತೆಗೆ ಲಾಟಿನ ಸಂಖ್ಯೆಯನ್ನೂ ಸೇರಿಸಿ ಕೀ ಮಾಡಿಕೊಳ್ಳಿ. ಆಗ ದರ ತಿದ್ದಲು ಒಂದೇ ಸಾಲು ಸಾಕಾಗುತ್ತದೆ:

ದರಗಳು = {("ಶ್ರೀನಿವಾಸಪುರ", 1): 290, ("ಶ್ರೀನಿವಾಸಪುರ", 2): 295}
ದರಗಳು[("ಶ್ರೀನಿವಾಸಪುರ", 2)] = 340