ಹಕ್ಕಿ ನೋಡುವ ಗುಂಪಿಗೆ ಸೇರಿದವರು ಮಾತೇ ಆಡುವುದಿಲ್ಲ, ಏನು ಮಾಡೋಣ?

ಓದುಗರ ಪ್ರಶ್ನೆ: ಬಾಗಲಕೋಟೆಯಲ್ಲಿ ಹಕ್ಕಿ ನೋಡುವ ಹವ್ಯಾಸದವರು ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಜಮಖಂಡಿ, ಮುಧೋಳ, ಬೀಳಗಿ, ಗೋಕಾಕದವರೂ ಇದ್ದಾರೆ. ಸದಸ್ಯರು 180, ಮಾತಾಡುವವರು ಮಾತ್ರ ಅದೇ ಎಂಟು ಮಂದಿ. ಹೊಸಬರು ಬರುತ್ತಾರೆ, ಒಂದು ನಮಸ್ಕಾರ ಹಾಕುತ್ತಾರೆ, ಆಮೇಲೆ ಸುದ್ದಿಯೇ ಇರುವುದಿಲ್ಲ. ಅವರು ಭಾಗವಹಿಸುವಂತೆ ಮಾಡುವುದು ಹೇಗೆ?

ಉತ್ತರ: ಆಸಕ್ತಿ ಇಲ್ಲದವರು ಹಕ್ಕಿ ಗುಂಪಿಗೆ ಯಾಕೆ ಸೇರುತ್ತಾರೆ? ಆಸಕ್ತಿ ಇದೆ. ಆದರೆ ಗುಂಪಿನಲ್ಲಿ ನಡೆಯುವ ಮಾತಿನಲ್ಲಿ ಅವರು ಬಾಯಿ ಹಾಕಲು ಜಾಗವೇ ಇರುವುದಿಲ್ಲ. ಇಂಡಿ ಕಡೆಯ ರೈತನೊಬ್ಬ ಪ್ರತಿ ವರ್ಷ ಬಿಳಿಜೋಳ ಹಾಲುಗಾಳಿಗೆ ಬಂದಾಗ ಅಟ್ಟದ ಮೇಲೆ ನಿಂತು ಕವಣಿ ಬೀಸಿರುತ್ತಾನೆ. ಯಾವ ಹಕ್ಕಿ ಎಷ್ಟು ಹೊತ್ತಿಗೆ ಬೀಳುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ, ಎಷ್ಟು ತೆನೆ ತಿನ್ನುತ್ತದೆ ಎಲ್ಲವೂ ಅವನಿಗೆ ಗೊತ್ತು. ಅವನು ಗುಂಪಿಗೆ ಬಂದಾಗ ಅಲ್ಲಿ ಲೆನ್ಸಿನ ಮಾತು, ಲ್ಯಾಟಿನ್ ಹೆಸರಿನ ಚರ್ಚೆ. ಅವನಿಗೆ ಗೊತ್ತಿರುವುದನ್ನು ಯಾರೂ ಕೇಳಿಲ್ಲ, ಹಾಗಾಗಿ ಸುಮ್ಮನಿದ್ದಾನೆ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. 180 ಜನರೂ ಮಾತಾಡಬೇಕು ಎಂದು ಹೊರಟರೆ ನಿರಾಸೆ ಖಚಿತ. ಇಂಥ ಗುಂಪುಗಳ ಬಗ್ಗೆ ಜಾಲತಾಣ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಬರೆದ 90-9-1ರ ಅಂದಾಜು ಇಂದಿಗೂ ಬಳಕೆಯಲ್ಲಿದೆ: ನೂರರಲ್ಲಿ 90 ಮಂದಿ ಓದುತ್ತಾರೆ, 9 ಮಂದಿ ಆಗಾಗ ಬರೆಯುತ್ತಾರೆ, ಒಬ್ಬರು ಬಿಡದೆ ಬರೆಯುತ್ತಾರೆ. ಅದು ಒರಟು ಅಂದಾಜು, ಸಣ್ಣ ಊರಿನ ಗುಂಪಿನಲ್ಲಿ ಇನ್ನೂ ಹೆಚ್ಚು ಜನರನ್ನು ಮಾತಿಗೆ ತರಬಹುದು. ಆದರೂ ಓದಿ ಸುಮ್ಮನಿರುವವರನ್ನು ಕೆದಕಬೇಡಿ. ಓದುವುದೂ ಒಂದು ಬಗೆಯ ಭಾಗವಹಿಸುವಿಕೆಯೇ. ನೀವು ಹುಡುಕಬೇಕಾದದ್ದು ಒಮ್ಮೆ ಬರೆದು ನಿಲ್ಲಿಸಿದವರನ್ನು.

ಅದಕ್ಕೆ ಒಂದು ಗಂಟೆಯ ಕೆಲಸ ಸಾಕು. ಆಂಡ್ರಾಯ್ಡ್ ಫೋನಾದರೆ ಗುಂಪಿನ ಮೇಲ್ಗಡೆಯ ಮೂರು ಚುಕ್ಕೆ ಒತ್ತಿ, 'ಮೋರ್'ಗೆ ಹೋಗಿ, 'ಎಕ್ಸ್‌ಪೋರ್ಟ್ ಚಾಟ್' ಆರಿಸಿ, ಫೋಟೊ ಬೇಡ ಎಂದು ಹೇಳಿ. ಬರೀ ಅಕ್ಷರದ ಫೈಲು ಸಿಗುತ್ತದೆ, ಪ್ರತಿ ಸಂದೇಶದ ಮುಂದೆ ತಾರೀಖು, ವೇಳೆ ಇರುತ್ತದೆ. ಕಳೆದ ಮೂರು ತಿಂಗಳಲ್ಲಿ ಸೇರಿದವರ ಹೆಸರನ್ನು ಹಾಳೆಯ ಮೇಲೆ ಬರೆದು ಎದುರಿಗೆ ನಾಲ್ಕು ಕಾಲಂ ಹಾಕಿ: ಮೊದಲು ಬರೆದದ್ದು ಯಾವಾಗ, ಉತ್ತರ ಕೊಟ್ಟವರು ಯಾರು, ಎಷ್ಟು ಹೊತ್ತಿಗೆ, ಎರಡನೇ ಸಲ ಬರೆದರೇ. ಕೆಲವರ ಎದುರು ಎರಡನೇ ಕಾಲಂ ಖಾಲಿ ಉಳಿದಿರುವುದು ಕಾಣುತ್ತದೆ. ಅವರ ಮೊದಲ ಮಾತಿಗೆ ಯಾರೂ ಓ ಅಂದಿಲ್ಲ. ಎಷ್ಟೋ ಸಲ ಅದಕ್ಕೆ ದುರುದ್ದೇಶವೂ ಇರುವುದಿಲ್ಲ. ಅವರ ಫೋಟೊ ಬಂದ ಹತ್ತು ನಿಮಿಷಕ್ಕೆ ಇಪ್ಪತ್ತು ಶುಭೋದಯದ ಚಿತ್ರ ಬಂದು ಅದನ್ನು ಮೇಲಕ್ಕೆ ತಳ್ಳಿರುತ್ತವೆ. ಶುಭೋದಯ, ಹಬ್ಬದ ಶುಭಾಶಯಕ್ಕೆ ಬೇರೆ ಗುಂಪು ಮಾಡಿ. ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಉತ್ತರ ಬಂದಿದ್ದರೂ ಅದು ಎಂಥದ್ದು ಎನ್ನುವುದು ಮುಖ್ಯ. ಒಂದು ಸಾಮಾನ್ಯ ಸನ್ನಿವೇಶ ನೋಡಿ. ಸಂಜೆ ಆರೂವರೆಗೆ ಕೆರೂರಿನ ಹೊಸ ಸದಸ್ಯರೊಬ್ಬರು ಮೊಬೈಲಿನಲ್ಲಿ ತೆಗೆದ ಫೋಟೊ ಹಾಕುತ್ತಾರೆ. ಕರೆಂಟ್ ವಾಯರಿನ ಮೇಲೆ ಕುಳಿತ ಹಕ್ಕಿ, ಹಿಂದೆ ಮುಳುಗುವ ಬಿಸಿಲು, ಬರೀ ಕಪ್ಪು ಆಕಾರ. "ಸರ, ಇದು ಯಾವ ಹಕ್ಕಿ ಹೇಳ್ರಿ?" ಅನುಭವಿಯೊಬ್ಬರು ಎರಡು ಇಂಗ್ಲಿಷ್ ಪದದಲ್ಲಿ ಹೆಸರು ಹಾಕುತ್ತಾರೆ. ಇನ್ನೊಬ್ಬರು "ಬೆಳಕಿಗೆ ಎದುರಾಗಿ ಫೋಟೊ ತೆಗೀಬಾರ್ದು" ಎಂದು ತಿದ್ದುತ್ತಾರೆ. ಎರಡೂ ಸರಿಯೇ, ಆದರೆ ಮಾತು ಅಲ್ಲಿಗೇ ಮುಗಿಯಿತು. ಕೇಳಿದವರಿಗೆ ಮರಳಿ ಹೇಳಲು ಧನ್ಯವಾದ ಬಿಟ್ಟು ಏನೂ ಉಳಿಯಲಿಲ್ಲ.

ಅದೇ ಪ್ರಶ್ನೆಗೆ ಹೀಗೂ ಉತ್ತರಿಸಬಹುದು: "ಚಲೋ ನೋಡೀರಿ. ಬಾಲ ಕತ್ತರಿ ಹಂಗ ಸೀಳಿತ್ತೇನ್ರಿ? ಮೈನಾಕಿಂತ ದೊಡ್ಡದೋ ಸಣ್ಣದೋ?" ಅವರು ಬರೆಯುತ್ತಾರೆ: "ಹೌದ್ರಿ, ಕತ್ತರಿ ಹಂಗ. ದಿನಾ ನಮ್ಮ ಎಮ್ಮಿ ಬೆನ್ನ ಮ್ಯಾಲ ಕುಂತಿರ್ತೈತ್ರಿ." ಕಾಜಾಣ ಎಂದು ಗುರುತಿಸಲು ಆ ಎಮ್ಮೆಯ ಮಾತು ಫೋಟೊಕ್ಕಿಂತ ದೊಡ್ಡ ಸಾಕ್ಷಿ. ದನ ಹೆಜ್ಜೆ ಇಟ್ಟಾಗ ಹುಲ್ಲಿನಿಂದ ಏಳುವ ಹುಳ ಹಿಡಿಯಲು ಕಾಜಾಣ ಅವುಗಳ ಬೆನ್ನೇರಿ ಕೂರುತ್ತದೆ. ಅದನ್ನು ಹೇಳಿ, ಆಮೇಲೆ ಹೆಸರು ಹೇಳಿ. ಅಷ್ಟರಲ್ಲಿ ಬೆಳಗಾವಿಯವರೊಬ್ಬರು ಇದಕ್ಕೆ ಮರಾಠಿಯಲ್ಲಿ ಕೋತವಾಲ, ಅಂದರೆ ಊರ ಕಾವಲಿನ ಅಧಿಕಾರಿ, ಎನ್ನುತ್ತಾರೆ ಎಂದು ಸೇರಿಸಬಹುದು. ಗೂಡಿನ ಹತ್ತಿರ ಬಂದ ಕಾಗೆ, ಹದ್ದುಗಳನ್ನು ಈ ಸಣ್ಣ ಹಕ್ಕಿ ಅಟ್ಟಿಸಿಕೊಂಡು ಹೋಗುವುದನ್ನು ಕಂಡವರಿಗೆ ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ಈಗ ಕೆರೂರಿನವರು ಎರಡು ಸಲ ಬರೆದಾಯಿತು. ನಾಳೆ ಎಮ್ಮೆ ಮೇಯಿಸುವಾಗ ಮತ್ತೆ ನೋಡುತ್ತಾರೆ.

ಹಾಗಾಗಿ ಗುಂಪಿನಲ್ಲಿ ಒಂದು ನಿಯಮ ಇರಲಿ: ಹೊಸಬರ ಪ್ರಶ್ನೆಗೆ ಮೊದಲು ಪ್ರಶ್ನೆ, ಆಮೇಲೆ ಹೆಸರು. ಕೇಳಬೇಕಾದವು ಐದೇ. ಗಾತ್ರ ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ? ಕೊಕ್ಕು, ಬಾಲ ಹೇಗಿತ್ತು? ಎದ್ದು ಕಂಡ ಬಣ್ಣ ಯಾವುದು? ಏನು ಮಾಡುತ್ತಿತ್ತು? ಯಾವ ಊರು, ಯಾವ ಹೊತ್ತು? ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಉಚಿತ ಮರ್ಲಿನ್ ಆ್ಯಪ್ ಕೂಡ ಹೆಚ್ಚುಕಡಿಮೆ ಇದನ್ನೇ ಕೇಳುತ್ತದೆ: ಎಲ್ಲಿ, ಯಾವಾಗ, ಎಷ್ಟು ದೊಡ್ಡದು, ಒಂದರಿಂದ ಮೂರು ಬಣ್ಣ, ಏನು ಮಾಡುತ್ತಿತ್ತು. ಹೊಸಬರಿಗೆ ಆ ಆ್ಯಪ್ ತೋರಿಸಿ. ಭಾರತದ ಹಕ್ಕಿಗಳ ಪ್ಯಾಕನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡರೆ ಹೊಲದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ "ಮರ್ಲಿನ್‌ನಲ್ಲಿ ನೋಡ್ಕೊಳ್ರಿ" ಎಂದು ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಆ್ಯಪ್‌ಗೆ ಎಮ್ಮೆಯ ಕತೆ ಬೇಕಿಲ್ಲ, ಗುಂಪಿಗೆ ಬೇಕು.

ಇದನ್ನೆಲ್ಲ ಯಾರು ಮಾಡಬೇಕು? ಎಲ್ಲರೂ ಮಾಡಲಿ ಎಂದು ಬಿಟ್ಟರೆ ಯಾರೂ ಮಾಡುವುದಿಲ್ಲ. ಪಾಳಿ ಹಚ್ಚಿ. ನಿಮ್ಮ ಎಂಟು ಮಂದಿಯಲ್ಲಿ ವಾರಕ್ಕೊಬ್ಬರ ಪಾಳಿ. ಅವರ ಕೆಲಸ ಸಂಜೆ ಏಳರಿಂದ ಒಂಬತ್ತೂವರೆಯೊಳಗೆ ಒಮ್ಮೆ ಕೂತು ಆ ದಿನ ಹೊಸಬರು ಬರೆದ ಪ್ರತಿಯೊಂದಕ್ಕೂ ಹೆಸರು ಹಿಡಿದು ಉತ್ತರಿಸುವುದು, ಅದೂ ಆ ಸಂದೇಶವನ್ನೇ ಬಲಕ್ಕೆ ಎಳೆದು 'ರಿಪ್ಲೈ' ಮಾಡಿ. ಸುಮ್ಮನೆ ಕೆಳಗೆ ಬರೆದರೆ ಯಾರಿಗೆ ಹೇಳಿದ್ದೆಂದು ತಿಳಿಯುವುದಿಲ್ಲ. ಹೆಬ್ಬೆರಳಿನ ಗುರುತು ಹಾಕಿದರೆ ಉತ್ತರವಾಗಲಿಲ್ಲ. ಪಾಳಿಯವರಿಗೆ ಹಕ್ಕಿಯ ಹೆಸರು ಗೊತ್ತಿರಲೇಬೇಕೆಂದಿಲ್ಲ, ಪ್ರಶ್ನೆ ಕೇಳಲು ಬಂದರೆ ಸಾಕು. ಹೆಸರು ಬಲ್ಲ ಹಿರಿಯರಿಗೆ ಒಂದು ವಿನಂತಿ ಮಾಡಿ: ಅರ್ಧ ಗಂಟೆ ತಡೆಯಿರಿ. ಥಟ್ಟನೆ ಹೆಸರು ಹೇಳುವುದು ಅವರಿಗೆ ಸಂತೋಷ ಕೊಡುತ್ತದೆ, ನಿಜ. ಆದರೆ ಪಕ್ಕದಲ್ಲಿ ಇನ್ನೊಬ್ಬ ಹೊಸಬ "ಕಾಜಾಣ ಇರಬಹುದೇನ್ರಿ?" ಎಂದು ಬರೆಯುವ ಧೈರ್ಯ ಕಟ್ಟುತ್ತಿರುತ್ತಾನೆ.

ಸ್ವಾಗತದ ಸಂದೇಶವನ್ನೂ ತಿದ್ದಿಕೊಳ್ಳಿ. ಸೇರಿದ ಕೂಡಲೇ ಇಪ್ಪತ್ತು ನಿಯಮದ ಪಟ್ಟಿ ಬಂದು ಬಿದ್ದರೆ, ತಪ್ಪು ಮಾಡುವುದಕ್ಕಿಂತ ಸುಮ್ಮನಿರುವುದೇ ಲೇಸು ಎಂದು ಯಾರಿಗಾದರೂ ಅನಿಸುತ್ತದೆ. "ನಿಮ್ಮ ಪರಿಚಯ ಮಾಡಿಕೊಳ್ಳಿ" ಎನ್ನುವುದೂ ಕಷ್ಟದ ಕೆಲಸವೇ. 180 ಅಪರಿಚಿತರ ಮುಂದೆ ಏನೆಂದು ಹೇಳಿಕೊಳ್ಳುವುದು? ಬದಲಿಗೆ ಒಂದೇ ಸಾಲಿನಲ್ಲಿ ಉತ್ತರಿಸಬಹುದಾದ್ದನ್ನು ಕೇಳಿ: "ಬರ್ರಿ ಅಕ್ಕಾರ, ಇವತ್ತ ಮುಂಜಾನೆ ನಿಮ್ಮ ಮನೀ ಮುಂದ ಮೊದಲ ಕಂಡ ಹಕ್ಕಿ ಯಾವ್ದು?" ಕಾಗೆ ಎಂದರೂ ಅದು ಉತ್ತರ. ವಾಟ್ಸಾಪ್‌ನಲ್ಲಿ ಹೊಸಬರಿಗೆ ಹಳೆಯ ಸಂದೇಶ ತಾನಾಗಿ ಕಾಣುವುದಿಲ್ಲ ಎನ್ನುವುದು ನೆನಪಿರಲಿ. ಅವರ ಪಾಲಿಗೆ ಗುಂಪು ಅಂದೇ ಹುಟ್ಟಿದ್ದು. ಹಾಗಾಗಿ ಮೇಲಿನ ಐದು ಪ್ರಶ್ನೆಗಳನ್ನು ಅವರಿಗೂ ಕಾಣುವಂತೆ ಗುಂಪಿನ ವಿವರಣೆಯಲ್ಲಿ ಬರೆದಿಡಿ.

ವಾರಕ್ಕೊಂದು ಪ್ರಶ್ನೆಯೂ ಬೇಕು, ಸೋಮವಾರ ಸಂಜೆ ಇರಲಿ. ಒಂದೇ ಷರತ್ತು: ಕ್ಯಾಮೆರಾ ಇಲ್ಲದವರೂ ಉತ್ತರಿಸುವಂತಿರಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಯ ಋತುಮಾನದಲ್ಲೇ ಪ್ರಶ್ನೆಗಳು ಸಿಗುತ್ತವೆ. ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತೆನಿ ದಿನಗಳಲ್ಲಿ, ನಿಮ್ಮ ಜೋಳಕ್ಕೆ ಬೀಳುವ ಗುಲಾಬಿ ಮೈನಾದ ಹಿಂಡು ಈ ವರ್ಷ ಬಂತೇ? ಬೇಸಿಗೆಯಲ್ಲಿ ಆಲಮಟ್ಟಿಯ ಹಿನ್ನೀರು ಇಳಿದಾಗ, ಕೆಸರಿನಲ್ಲಿ ರಾಜಹಂಸ ಯಾರಿಗೆ ಕಂಡಿತು? ಕಾರಹುಣ್ಣಿಮೆಯ ಸುತ್ತ, ಚಾತಕದ ಕೂಗು ನಿಮ್ಮೂರಲ್ಲಿ ಕೇಳಿತೇ? ಮಳೆ ಹಿಡಿದ ಮೇಲೆ, ನಿಮ್ಮ ಬಾವಿಯ ಮೇಲೆ ಬಾಗಿದ ಜಾಲಿಗೆ ಗೀಜಗ ಎಷ್ಟು ಗೂಡು ಹೆಣೆದಿದೆ, ಅರ್ಧಕ್ಕೆ ಬಿಟ್ಟವು ಎಷ್ಟು? ಈ ಗೀಜಗದ ಪ್ರಶ್ನೆ ಒಳ್ಳೆಯದು. ಗಂಡು ಅರ್ಧ ಗೂಡು ಕಟ್ಟಿ ಹೆಣ್ಣಿಗೆ ತೋರಿಸುತ್ತದೆ, ಅದಕ್ಕೆ ಒಪ್ಪಿಗೆಯಾದರೆ ಮುಂದುವರಿಸುತ್ತದೆ. ಆದ್ದರಿಂದ ಬಿಟ್ಟುಹೋದ ಗೂಡಿನ ಲೆಕ್ಕವೂ ನಿಜವಾದ ಮಾಹಿತಿ, ಮತ್ತು ಅದನ್ನು ದೂರದಿಂದ ನಿಂತು ಮಗುವೂ ಎಣಿಸಬಲ್ಲದು. ಬರೆಯಲು ಹಿಂಜರಿಯುವವರಿಗೆ ಅದೇ ಪ್ರಶ್ನೆಯನ್ನು ಪೋಲ್ ಮಾಡಿ ಕೊಡಬಹುದು. ವಾಟ್ಸಾಪ್ ಪೋಲ್‌ನಲ್ಲಿ 12 ಆಯ್ಕೆ ಹಾಕಲು ಬರುತ್ತದೆ, ಐದಾರು ಸಾಕು. ಆದರೆ ಪೋಲ್ ಒತ್ತಿದವರನ್ನು ಮಾತಾಡಿದವರ ಲೆಕ್ಕಕ್ಕೆ ಹಿಡಿಯಬೇಡಿ.

ಕನ್ನಡ ಟೈಪ್ ಮಾಡಲು ಬಾರದವರು ನಿಮ್ಮ ಗುಂಪಿನಲ್ಲಿ ಖಂಡಿತ ಇದ್ದಾರೆ. ಅರ್ಧ ನಿಮಿಷದ ಧ್ವನಿ ಸಂದೇಶ ನಡೆಯುತ್ತದೆ ಎಂದು ಬಾಯಿಬಿಟ್ಟು ಹೇಳಿ, ಪಾಳಿಯವರು ತಾವೇ ಒಂದು ಕಳಿಸಿ ದಾರಿ ತೋರಿಸಲಿ. ಊರ ಹೆಸರಿನಲ್ಲೇ ಹಕ್ಕಿಯನ್ನು ಕರೆಯಲಿ, ಮರಾಠಿಯಲ್ಲಿ ಹೇಳಿದರೂ ಸರಿ. ಪುಸ್ತಕದ ಹೆಸರನ್ನು ಪಕ್ಕದಲ್ಲಿ ಬರೆದರಾಯಿತು, ಅವರ ಹೆಸರನ್ನು ಹೊಡೆದುಹಾಕಿ ಅಲ್ಲ.

ಹೆಣ್ಣುಮಕ್ಕಳ ಮೌನಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಗಂಡಸರೇ ತುಂಬಿದ ಅಡ್ಮಿನ್ ಬಳಗ ಗಮನಿಸುವುದು ಕಡಿಮೆ. ಗುಂಪಿನಲ್ಲಿ ಬರೆದ ಕೂಡಲೇ ಅವರ ನಂಬರು ಎಲ್ಲರ ಕಣ್ಣಿಗೆ ಬೀಳುತ್ತದೆ. ಹಕ್ಕಿಯ ಫೋಟೊ ಹಾಕಿದ ರಾತ್ರಿಯೇ ಅಪರಿಚಿತರೊಬ್ಬರಿಂದ "ಹಾಯ್ ಮೇಡಂ" ಬಂದರೆ ಅವರು ಮತ್ತೆ ಬರೆಯುವುದಿಲ್ಲ, ಯಾಕೆಂದು ಹೇಳುವುದೂ ಇಲ್ಲ. ಕೇಳದೆ ಯಾರಿಗೂ ಖಾಸಗಿ ಸಂದೇಶ ಕಳಿಸುವಂತಿಲ್ಲ, ಕಳಿಸಿದವರನ್ನು ಅಂದೇ ತೆಗೆಯಲಾಗುವುದು ಎಂದು ಗುಂಪಿನ ವಿವರಣೆಯಲ್ಲೇ ಬರೆಯಿರಿ, ಮತ್ತು ಹಾಗೆಯೇ ನಡೆದುಕೊಳ್ಳಿ. ದೂರು ಕೇಳಲು ಅಡ್ಮಿನ್‌ಗಳಲ್ಲಿ ಒಬ್ಬ ಮಹಿಳೆ ಇರಲೇಬೇಕು. ನಂಬರು ಮುಚ್ಚಿಡುವ ಸೌಲಭ್ಯ ಟೆಲಿಗ್ರಾಂನಲ್ಲಿದೆ, ಬಹಳ ಮಂದಿ ಬಯಸಿದರೆ ಅಲ್ಲಿಗೆ ಹೋಗುವುದನ್ನೂ ಯೋಚಿಸಿ.

ತಪ್ಪು ತಿದ್ದುವ ಪ್ರಸಂಗ ಬಂದೇ ಬರುತ್ತದೆ. ಹೊಸಬರು ಗೂಡಿನೊಳಗಿನ ಮರಿಗಳ ಫೋಟೊ ಹಾಕುತ್ತಾರೆ, ಪಂಜರದ ಗಿಳಿಯ ಫೋಟೊ ಹಾಕುತ್ತಾರೆ. ಗೂಡಿನ ಹತ್ತಿರ ಹೋದರೆ ತಾಯಿ ಹಕ್ಕಿ ಗೂಡು ತೊರೆಯಬಹುದು, ಕಾಗೆಗೆ ಜಾಗ ಗೊತ್ತಾಗಬಹುದು. ನಮ್ಮ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಎರಡನ್ನೂ ಹೇಳಲೇಬೇಕು, ಆದರೆ ಫೋನ್ ಮಾಡಿ ಹೇಳಿ. ಎಲ್ಲರ ಮುಂದೆ ನಾಲ್ಕು ಜನ ಮೇಲೆ ಬಿದ್ದರೆ ಆ ಒಬ್ಬರಷ್ಟೇ ಅಲ್ಲ, ನೋಡುತ್ತಿದ್ದ ಇಪ್ಪತ್ತು ಹೊಸಬರೂ ಬಾಯಿ ಮುಚ್ಚುತ್ತಾರೆ. ಕರೆಯಲ್ಲಿ ಒಪ್ಪಿದವರು ತಾವೇ ಫೋಟೊ ಅಳಿಸುತ್ತಾರೆ. ಆಮೇಲೆ ಗುಂಪಿನಲ್ಲಿ ಯಾರ ಹೆಸರೂ ಎತ್ತದೆ ನಿಯಮವನ್ನು ನೆನಪಿಸಿ.

ಇಷ್ಟಾದ ಮೇಲೂ ಕೆಲವರು ಮುಖ ನೋಡಿದ ಮೇಲೆಯೇ ಮಾತಾಡುವವರು. ತಿಂಗಳಿಗೊಂದು ಬೆಳಗಿನ ಸುತ್ತಾಟ ಇಡಿ: ವಿಜಯಪುರದವರಿಗೆ ಭೂತನಾಳ ಕೆರೆ, ಗೋಕಾಕದವರಿಗೆ ಧೂಪದಾಳದ ಘಟಪ್ರಭಾ ಪಕ್ಷಿಧಾಮ, ನಿಮಗೆ ಹಿನ್ನೀರಿನ ದಂಡೆ. ಆರರಿಂದ ಎಂಟೂವರೆ, ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ, ಮೂವರಿಗೊಂದರಂತೆ ದುರ್ಬೀನು. 8x42 ಅಳತೆಯದು, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲ ಇರುವಂಥದ್ದು, ಹೊಸಬರ ಕೈಗೆ ಸುಲಭ. ಹೊಸಬರಿಗೆ ನೋಡುವ ಕೆಲಸದ ಜೊತೆ ಬರೆಯುವ ಕೆಲಸ ಕೊಡಿ. ಯಾವ ಹಕ್ಕಿ, ಎಷ್ಟು ಎಂದು ಹಿರಿಯರು ಕೂಗಿ ಹೇಳುವುದು, ಹೊಸಬರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುವುದು. ಸಂಜೆ ಆ ಹಾಳೆಯ ಫೋಟೊ ಗುಂಪಿಗೆ ಹಾಕುವವರು ಅವರೇ. ಆಗ ಉಳಿದವರು ಅವರನ್ನೇ ಕೇಳುತ್ತಾರೆ: "ಬೆಳ್ಳಕ್ಕಿ 40 ಅಂತ ಬರದೀರಿ, ಸಣ್ಣವೋ ದೊಡ್ಡವೋ?" ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಜಾಗತಿಕ ಹಕ್ಕಿ ಎಣಿಕೆಗೆ ಕನಿಷ್ಠ 15 ನಿಮಿಷ ಎಣಿಸಿದರೆ ಸಾಕು, ಮನೆಯ ಮಾಳಿಗೆಯಿಂದಲೂ ಎಣಿಸಬಹುದು. ಪಟ್ಟಿಯನ್ನು ಹಕ್ಕಿಗಳ ದಾಖಲೆ ಇಡುವ ಇಬರ್ಡ್ ಜಾಲತಾಣಕ್ಕೆ ಏರಿಸಲು ಮೊದಲ ಸಲ ಪಾಳಿಯವರು ಜೊತೆಗಿರಲಿ.

ಮೂರು ತಿಂಗಳು ಬಿಟ್ಟು ಅದೇ ಹಾಳೆಯನ್ನು ಮತ್ತೆ ಬರೆಯಿರಿ. ಎರಡನೇ ಸಲ ಬರೆದವರು ಎಷ್ಟು ಎನ್ನುವ ಕಾಲಂ ಒಂದನ್ನೇ ನೋಡಿ, ಒಟ್ಟು ಸಂದೇಶದ ಸಂಖ್ಯೆ ನೋಡಬೇಡಿ. ಐದು ಸಲಕ್ಕಿಂತ ಹೆಚ್ಚು ಬರೆದ ಹೊಸಬರು ಇಬ್ಬರಿದ್ದರೂ ಅವರನ್ನು ಪಾಳಿಗೆ ಸೇರಿಸಿಕೊಳ್ಳಿ, ಮುಂದಿನ ಸೋಮವಾರದ ಪ್ರಶ್ನೆಯನ್ನು ಅವರೇ ಬರೆಯಲಿ.